ಗಂಜ್ ಹತ್ತಿರದ ಕಾರ್ಮಿಕ ಸಂಘದ ಕೋಣೆ: ಅಪ್ಪನ ಗ್ರಾಚ್ಯುಟಿಗೆ ಹದಿನಾಲ್ಕು ತಿಂಗಳು ಓಡಾಡಿದವಳ ಅನಿಸಿಕೆ

ಮೊನ್ನೆ ತಮ್ಮನ ಪಿಎಫ್ ವಿಷಯಕ್ಕೆ ಮತ್ತೆ ಆ ಕೋಣೆಗೆ ಹೋಗಿದ್ದೆ. 2022ರ ನವೆಂಬರ್‌ನಲ್ಲಿ ಅಪ್ಪನ ಕೈ ಹಿಡಿದು ಹತ್ತಿಸಿದ ಅದೇ ಕಡಿದಾದ ಮೆಟ್ಟಿಲು, ಅದೇ ಉದ್ದದ ಬೆಂಚು, ಗೋಡೆಗೆ ಅದೇ ಹಳದಿ ಕಾಗದ. ಈ ಜಾಗದ ಬಗ್ಗೆ ಬರೆಯಬೇಕು ಅಂತ ಅಪ್ಪನ ದುಡ್ಡು ಬಂದ ದಿನವೇ ಅಂದುಕೊಂಡಿದ್ದೆ, ಆಗಲೇ ಇಲ್ಲ. ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇಂಥ ತೊಂದರೆಯಲ್ಲಿ ಇರುವವರಿಗೆ ಪೂರ್ತಿ ಹೇಳಿದರೇ ಉಪಯೋಗ.

ಮೊದಲು ಜಾಗ ಯಾವುದು ಅಂತ ಹೇಳ್ತೀನಿ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆ ಕಡೆ, ಒಂದು ಚಹಾದಂಗಡಿಯ ಮೇಲಿನ ಕೋಣೆ. ಒಂದು ಕಾರ್ಮಿಕ ಸಂಘದವರು ಗುರುವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಅಲ್ಲಿ ಕೂರುತ್ತಾರೆ. ಪಗಾರ ಕೊಡದೆ ಸತಾಯಿಸಿದ್ದು, ಕೆಲಸದಿಂದ ತೆಗೆದದ್ದು, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಕೆಲಸ ಬಿಟ್ಟಾಗ ಮಾಲೀಕರು ಕೊಡಬೇಕಾದ ದುಡ್ಡು), ಏನಿದ್ದರೂ ಹೋಗಿ ಕೇಳಬಹುದು. ಸಂಘದ ಮೆಂಬರ್ ಆಗಿರಬೇಕು ಅಂತ ಇಲ್ಲ. ಹೆಸರು ಮಾತ್ರ ಹಾಕಬೇಡ ತಂಗಿ ಅಂತ ಅಲ್ಲಿನ ಹಿರಿಯರೇ ಕೇಳಿಕೊಂಡರು. ಹಿಂದೆ ಬೇರೆ ಕಡೆ ಬಾಡಿಗೆಗಿದ್ದಾಗ ಯಾರೋ ಮನೆ ಮಾಲೀಕರ ಮೇಲೆ ಒತ್ತಡ ತಂದು ಖಾಲಿ ಮಾಡಿಸಿದ್ದರಂತೆ. ಅದಕ್ಕೆ ಹೆಸರು ಬರೆದಿಲ್ಲ. ಗಂಜಿನಲ್ಲಿ ಹಮಾಲರನ್ನು ಕೇಳಿ, ತೋರಿಸುತ್ತಾರೆ.

ಅಪ್ಪ ದಾಲ್ ಮಿಲ್ಲಿನಲ್ಲಿ ರೋಲರ್ ಮಷೀನ್ ನೋಡಿಕೊಳ್ಳುತ್ತಿದ್ದರು. 2003ರ ಡಿಸೆಂಬರ್ 1ಕ್ಕೆ ಸೇರಿದ್ದು, 2022ರ ಜೂನ್ 30ಕ್ಕೆ ಬಿಟ್ಟಿದ್ದು. ಬಿಟ್ಟಿದ್ದು ಅನ್ನೋದಕ್ಕಿಂತ, ವಯಸ್ಸಾಯ್ತು, ನಾಳೆಯಿಂದ ಬರಬೇಡ ಅಂದರು. ಕೈಗೆ 20,000 ರೂಪಾಯಿ ಕೊಟ್ಟು, ಸಾವ್ಕಾರರು ಖುಷಿಯಿಂದ ಕೊಟ್ಟಿದ್ದಾರೆ, ಇನ್ನು ಏನೂ ಬಾಕಿ ಇಲ್ಲ ಅಂತ ಬರೆದ ಕಾಗದದ ಮೇಲೆ ಮುನೀಮರು ಸಹಿ ಹಾಕಿಸಿಕೊಂಡರು. ಅಪ್ಪ ಸಹಿ ಹಾಕಿ ಬಂದರು. ಹದಿನೆಂಟೂವರೆ ವರ್ಷ ಅನ್ನ ಕೊಟ್ಟ ಜಾಗ, ಅಲ್ಲಿ ನಿಂತು ವಾದ ಮಾಡೋ ಮನುಷ್ಯ ಅಲ್ಲ ಅವರು. ನನಗೂ ಆಗ ಗ್ರಾಚ್ಯುಟಿ ಅಂದರೆ ಸರ್ಕಾರಿ ನೌಕರರಿಗೆ ಬರೋದು ಅಂತಲೇ ಗೊತ್ತಿತ್ತು.

ಈ ಕೋಣೆಗೆ ಹೋಗುವ ಮುಂಚೆ ಒಬ್ಬ ಏಜೆಂಟ್ ಸಿಕ್ಕಿದ್ದ. ನಾನು ತೆಗೆಸಿಕೊಡ್ತೀನಿ, ಬಂದಿದ್ದರಲ್ಲಿ ಕಾಲು ಭಾಗ ನನಗೆ ಅಂದ. ಎಷ್ಟು ಬರುತ್ತೆ ಅಂತ ಕೇಳಿದರೆ ಅದು ಆಮೇಲೆ ನೋಡೋಣ ಅಂದ. ಅಪ್ಪ ಒಪ್ಪಿಯೇ ಬಿಟ್ಟಿದ್ದರು. ಅವರ ಜೊತೆ ಕೆಲಸ ಮಾಡಿದ ಹಮಾಲ ಕಾಕಾ ಒಬ್ಬರು, ಅದೆಲ್ಲ ಬ್ಯಾಡ, ಮೊದಲು ಅಲ್ಲಿ ಹೋಗಿ ಕೇಳ್ರಿ ಅಂತ ಇಲ್ಲಿಗೆ ಕಳಿಸಿದರು.

ಮೊದಲ ದಿನ ಎರಡು ಗಂಟೆ ಕಾದೆವು. ನಮ್ಮ ಮುಂದೆ ಒಬ್ಬ ಹೆಣ್ಣುಮಗಳು ಇದ್ದರು, ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸೋ ಕೆಲಸ. ಪಗಾರದಿಂದ ಪ್ರತಿ ತಿಂಗಳು ಇಎಸ್‌ಐ ಅಂತ ಹಿಡಿಯುತ್ತಿದ್ದರು, ಆದರೆ ಮಗುವಿಗೆ ಹುಷಾರಿಲ್ಲದಾಗ ಇಎಸ್‌ಐ ಕಾರ್ಡು ಕೇಳಿದರೆ ಇಲ್ಲ. ಎಷ್ಟು ಹಿಡೀತಾರೆ ಅಂತ ಹಿರಿಯರು ಕೇಳಿದರು. ತಿಂಗಳಿಗೆ ನಾನೂರು ಅಂದರು ಆಕೆ. ಕಾರ್ಮಿಕರ ಪಾಲು ನೂರಕ್ಕೆ 75 ಪೈಸೆ, ಮಾಲೀಕರ ಪಾಲು ನೂರಕ್ಕೆ ಮೂರೂಕಾಲು ರೂಪಾಯಿ, 2019ರ ಜುಲೈಯಿಂದ ಹೀಗೇ ಇದೆ, ನಿಮ್ಮ 12,000 ಪಗಾರಕ್ಕೆ 90 ರೂಪಾಯಿ ಹಿಡಿಯಬೇಕು, ಅಷ್ಟೇ ಅಂತ ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. ಆಕೆ ಆ ಚೀಟಿಯನ್ನು ಸುಮಾರು ಹೊತ್ತು ನೋಡುತ್ತಾ ಕೂತಿದ್ದರು. ನನಗೆ ಆ ಜಾಗದ ಮೇಲೆ ನಂಬಿಕೆ ಬಂದಿದ್ದು ಅಲ್ಲೇ. ಭಾಷಣ ಇಲ್ಲ, ಅಯ್ಯೋ ಪಾಪ ಅನ್ನೋದೂ ಇಲ್ಲ. ಪೆನ್ನು ತಗೊಂಡು ಲೆಕ್ಕ ಹಾಕಿ ಕೈಗೆ ಕೊಡ್ತಾರೆ.

ನಮ್ಮ ಸರದಿ ಬಂತು. ಹಿರಿಯರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು, ಎಲ್ಲರೂ ಅವರನ್ನು ಕಾಕಾ ಅಂತಾರೆ. ಅಪ್ಪ ಕೂತ ಕೂಡಲೇ ನಾನು ಸಹಿ ಹಾಕಿಬಿಟ್ಟೀನ್ರಿ ಅಂದರು, ಏನೋ ತಪ್ಪು ಒಪ್ಪಿಕೊಂಡ ಹಾಗೆ. ಕಾಕಾ, ಹಾಕಿದ್ರ ಹಾಕ್ಲಿ ಬಿಡ್ರಿ, ಅದಕ್ಕ ಕಾನೂನಿನ್ಯಾಗ ಬೆಲೆ ಇಲ್ಲ ಅಂದರು. ಕಾನೂನು ಕೊಟ್ಟ ಗ್ರಾಚ್ಯುಟಿಯನ್ನು ಬಿಟ್ಟುಕೊಟ್ಟೆ ಅಂತ ಮಾಲೀಕರ ಜೊತೆ ಎಂಥ ಒಪ್ಪಂದ ಬರೆದುಕೊಂಡರೂ, ಕಾಯ್ದೆಯೇ ಅದಕ್ಕಿಂತ ಮೇಲೆ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ 14ನೇ ಕಲಂ ಇದನ್ನೇ ಹೇಳುತ್ತಿತ್ತು. ಅಪ್ಪನ ಮುಖ ಆಗ ಹೇಗಾಯ್ತು ಅಂತ ನನಗೆ ಇನ್ನೂ ನೆನಪಿದೆ. ನಾಲ್ಕು ತಿಂಗಳಿಂದ ಆ ಒಂದು ಸಹಿ ಅವರಿಗೆ ನಿದ್ದೆ ಕೊಟ್ಟಿರಲಿಲ್ಲ.

ಆಮೇಲೆ ಲೆಕ್ಕ. ಕೊನೆಯ ತಿಂಗಳ ಪಗಾರ 13,000. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದ ಪಗಾರ, ಅಂದರೆ 7,500. ಸರ್ವೀಸ್ 18 ವರ್ಷ 7 ತಿಂಗಳು. ಕೊನೆಯಲ್ಲಿ ಉಳಿಯೋದು ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಅದನ್ನು ಒಂದು ಪೂರ್ತಿ ವರ್ಷ ಅಂತ ಹಿಡಿಯಬೇಕು, ಹಾಗಾಗಿ 19. ಒಟ್ಟು 1,42,500 ರೂಪಾಯಿ. 20,000 ಕೊಟ್ಟು ಕಳಿಸಿದ್ದರು ಅಲ್ವಾ, ಅದರ ಏಳು ಪಟ್ಟಿಗೂ ಜಾಸ್ತಿ.

ಅಪ್ಪ ಜೂನ್‌ನಲ್ಲಿ ಬಿಟ್ಟಿದ್ದು, ನಾವು ಹೋಗಿದ್ದು ನವೆಂಬರ್‌ನಲ್ಲಿ. ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕಿತ್ತು. ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಹಕ್ಕು ಹೋಗಲ್ಲ ಅಂತ ನಿಯಮದಲ್ಲೇ ಇದೆ ಅಂದರು. ಹಾಗಂತ ಕೂತಿರಬೇಡಿ. ಬಿಟ್ಟ ಕೂಡಲೇ ಕೊಟ್ಟುಬಿಡಿ.

ಅರ್ಜಿ ಅಂದರೆ ಆಗ ಫಾರಂ ಐ. ಕಾಕಾ ಅದನ್ನು ತಾವೇ ತುಂಬಲಿಲ್ಲ. ನನ್ನ ಕೈಗೆ ಕೊಟ್ಟು, ನೀ ಓದ್ದಾಕಿ ಇದ್ದಿ, ಅಪ್ಪಗ ಕೇಳಿ ಕೇಳಿ ನೀನೇ ಬರಿ ಅಂದರು. ಮೊದಲು ಇದು ನನಗೆ ಹಿಡಿಸಲಿಲ್ಲ, ಸಹಾಯಕ್ಕೆ ಬಂದರೆ ನಮ್ಮ ಕೈಲೇ ಮಾಡಿಸ್ತಾರಲ್ಲ ಅನಿಸಿತು. ಆದರೆ ಆ ಒಂದು ಗಂಟೆಯಲ್ಲಿ ನಾನು ಅಪ್ಪನ ಕೆಲಸದ ಬಗ್ಗೆ ತಿಳಿದುಕೊಂಡಷ್ಟು ಇಪ್ಪತ್ತು ವರ್ಷದಲ್ಲಿ ತಿಳಿದಿರಲಿಲ್ಲ. ಮುಂದೆ ವಿಚಾರಣೆಯಲ್ಲಿ ಏನೇ ಕೇಳಿದರೂ ಉತ್ತರ ಬಾಯಲ್ಲೇ ಇತ್ತು, ಅದಕ್ಕೆ ಈ ಒಂದು ಗಂಟೆಯೇ ಕಾರಣ.

ಫಾರಂ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಹತ್ತು ದಿನಕ್ಕೆ ಕವರ್ ಹಾಗೇ ವಾಪಸ್ ಬಂತು. ಮೇಲೆ ಪೋಸ್ಟ್‌ಮ್ಯಾನ್ ಕೆಂಪು ಪೆನ್ನಿನಲ್ಲಿ 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ' ಅಂತ ಬರೆದು ತಾರೀಖು ಹಾಕಿದ್ದರು. ನಾನು ಇನ್ನೇನು ಹರಿದು ಒಳಗಿನ ಕಾಗದ ತೆಗೆಯೋದರಲ್ಲಿದ್ದೆ. ಹಾಗೇ ಕಾಕಾಗೆ ಫೋನ್ ಮಾಡಿದೆ, ಅವರು ಕೂಗೇ ಬಿಟ್ಟರು: ಹರೀಬ್ಯಾಡ ತಂಗಿ! ಆ ಕವರ್ ತೆರೀಬ್ಯಾಡ! ಯಾಕಂದರೆ ಮಾಲೀಕರು ಬೇಡ ಅಂದ ಕವರ್ ತೆರೆಯದೆ ಹಾಗೇ ಇದ್ದರೆ, ನಾವು ಕಳಿಸಿದ್ದೆವು, ಅವರೇ ತಗೊಳ್ಳಲಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಅಧಿಕಾರಿ ಎದುರಿಗೇ ಅದನ್ನು ತೆರೆಯಬೇಕು. ಆ ಕವರನ್ನು ಅವ್ವ ದೇವರ ಮಾಡದಲ್ಲಿ ಇಟ್ಟಿದ್ದಳು, ಮೂರು ತಿಂಗಳು. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಕಳಿಸುವಾಗ ರಸೀದಿ ಇಟ್ಟುಕೊಳ್ಳಿ, ತಲುಪಿದ್ದಕ್ಕೆ ದಾಖಲೆ ಬೇಕು ಅಂತ ಕೌಂಟರಿನಲ್ಲೇ ಕೇಳಿ.)

2023ರ ಜನವರಿಯಲ್ಲಿ ಫಾರಂ ಎನ್ ಹಾಕಿದೆವು. ಮಾಲೀಕರು ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಇದಕ್ಕೆಂದೇ ಇರುವ ನಿಯಂತ್ರಣ ಪ್ರಾಧಿಕಾರಿಯ ಮುಂದೆ ಆಗ ಹಾಕುತ್ತಿದ್ದ ಅರ್ಜಿ ಅದು. ವಕೀಲರು ಬೇಕೇ ಬೇಕು ಅಂತ ಇಲ್ಲ. ನಾವು ಇಡಲಿಲ್ಲ. ವಿಚಾರಣೆಗೆ ಸಂಘದ ಅಕ್ಕ ಒಬ್ಬರು ಜೊತೆ ಬರುತ್ತಿದ್ದರು. ಒಟ್ಟು ಏಳು ತಾರೀಖು ಆದವು. ಎರಡು ಸಲ ಮಾಲೀಕರ ಕಡೆಯವರು ಬರಲೇ ಇಲ್ಲ. ಆ ಬಿಸಿಲಲ್ಲಿ, ಏಪ್ರಿಲ್‌ನಲ್ಲಿ, ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ವಾಪಸ್ ಬಂದಾಗ ನನಗೆ ಅಳು ಬಂದಿತ್ತು.

ಮಾಲೀಕರ ವಕೀಲರು ಮೂರು ಮಾತು ಎತ್ತಿದರು. ಇವು ನಮ್ಮ ಕಡೆ ದಾಲ್ ಮಿಲ್ಲುಗಳಲ್ಲಿ ಕೆಲಸ ಮಾಡೋ ಎಲ್ಲರಿಗೂ ಎದುರಾಗೋ ಮಾತುಗಳು, ಅದಕ್ಕೆ ಬಿಡಿಸಿ ಬರೀತೀನಿ.

ಮಿಲ್ಲಿನಲ್ಲಿ ಇರೋದು ಎಂಟೇ ಜನ, ಹತ್ತು ಜನ ಇಲ್ಲದಿದ್ದರೆ ಕಾಯ್ದೆ ಬರೋದೇ ಇಲ್ಲ ಅನ್ನೋದು ಮೊದಲನೆಯದು. ಇದಕ್ಕೆ ಉತ್ತರ ಸುಲಭ ಇತ್ತು. ಒಂದು ಸಲ ಹತ್ತು ಜನ ಆಗಿ ಕಾಯ್ದೆ ಅನ್ವಯ ಆಯ್ತು ಅಂದರೆ, ಆಮೇಲೆ ಜನ ಕಡಿಮೆ ಆದರೂ ಅನ್ವಯ ಆಗುತ್ತಲೇ ಇರುತ್ತೆ. 2004ರ ದಸರಾ ಖಂಡೆ ಪೂಜೆಯ ಫೋಟೋ ನಮ್ಮ ಮನೆಯಲ್ಲಿತ್ತು. ಮೂಲೆಯಲ್ಲಿ ತಾರೀಖು ಅಚ್ಚಾಗಿದೆ. ರೋಲರ್ ಮಷೀನಿಗೆ ಬಾಳೆಕಂಬ ಕಟ್ಟಿ, ಮುಂದೆ ಹದಿನಾರು ಜನ ನಿಂತಿದ್ದಾರೆ, ಮಧ್ಯದಲ್ಲಿ ಸಾವ್ಕಾರರು, ಹಿಂದೆ ಮಿಲ್ಲಿನ ಬೋರ್ಡು. ಅಪ್ಪ ಬಲಗಡೆಯಿಂದ ಮೂರನೆಯವರು, ಕಪ್ಪು ಮೀಸೆ.

ಎರಡನೆಯದು, ಕಂಪನಿ ಹೆಸರು ಬದಲಾಗಿದೆ, ಈಗಿನ ಹೆಸರಲ್ಲಿ ಇವರು ಕೆಲಸ ಮಾಡಿದ್ದು ನಾಲ್ಕೇ ವರ್ಷ ಅನ್ನೋದು. ಪಾಲುದಾರಿಕೆ ಪತ್ರ ಹೊಸದು ಮಾಡಿ ಬೋರ್ಡು ಬದಲಿಸಿದ್ದರು, ನಿಜ. ಆದರೆ ಅದೇ ಜಾಗ, ಅವೇ ಮಷೀನು, ಅದೇ ಮನೆತನ, ಅಪ್ಪನಿಗೆ ಒಂದು ದಿನವೂ ಲೆಕ್ಕ ಮುಗಿಸಿ ಕಳಿಸಿಲ್ಲ. ಇದನ್ನೂ ಅಧಿಕಾರಿ ಒಪ್ಪಲಿಲ್ಲ.

ಮೂರನೆಯದೇ ದೊಡ್ಡದು. ದಾಲ್ ಮಿಲ್ ಸೀಸನ್ ಕೆಲಸ, ತೊಗರಿ ಬಂದಾಗ ಮಾತ್ರ ನಡೆಯುತ್ತೆ, ಮಳೆಗಾಲದಲ್ಲಿ ಬಂದ್ ಅಂದರು. ಇದು ಸುಮ್ನೆ ಹೇಳಿದ ಮಾತಲ್ಲ. ವರ್ಷಪೂರ್ತಿ ಕೆಲಸ ಇಲ್ಲದ ಸೀಸನ್ ಕೆಲಸಗಾರರಿಗೆ ಕಾಯ್ದೆಯಲ್ಲಿ ಒಂದು ಸೀಸನ್ನಿಗೆ 7 ದಿನದ ಪಗಾರ ಮಾತ್ರ. ಹಾಗಾದರೆ ಅಪ್ಪನಿಗೆ ಬರೋದು 66,500, ಅರ್ಧಕ್ಕೂ ಕಮ್ಮಿ. ಅಪ್ಪ ಮಳೆಗಾಲದಲ್ಲೂ ಹೋಗಿದ್ದಾರೆ. ಕಡಲೆ ಬರುತ್ತಿತ್ತು, ಹೆಸರು ಬರುತ್ತಿತ್ತು, ಏನೂ ಇಲ್ಲದಿದ್ದರೆ ರೋಲರ್ ಬಿಚ್ಚಿ ರಿಪೇರಿ ಮಾಡೋ ಕೆಲಸ ಇರುತ್ತಿತ್ತು. ಆದರೆ ತೋರಿಸೋದು ಹೇಗೆ? ಬ್ಯಾಂಕಿನಲ್ಲಿ ಪಗಾರ ಬರೋಕೆ ಶುರು ಆಗಿದ್ದು 2017ರಲ್ಲಿ, ನೋಟ್ ಬಂದಿ ಆದ ಮೇಲೆ. ಪಾಸ್‌ಬುಕ್ಕಿನಲ್ಲಿ ಹನ್ನೆರಡೂ ತಿಂಗಳು ಇದೆ, ಸರಿ. ಅದಕ್ಕೂ ಹಿಂದಿನ ಹದಿಮೂರು ವರ್ಷ? ಎಲ್ಲ ಕೈಗೆ ನಗದು. ಹಾಜರಿ ಪುಸ್ತಕ ಮುನೀಮರ ಹತ್ತಿರ. ಕೇಳಿದರೆ ಹಳೇ ಪುಸ್ತಕ ಗೆದ್ದಲು ತಿಂದು ಹೋಗಿದೆ ಅಂದರು.

ಮೊದಲ ದಿನವೇ ಕಾಕಾ ಒಂದು ಪ್ರಶ್ನೆ ಕೇಳಿದ್ದರು. ಮನ್ಯಾಗ ಹಾಲಿನ ಲೆಕ್ಕ ಯಾರು ಬರೀತಾರ? ನಾನು ಅವ್ವ ಅಂದೆ. ಎಲ್ಲಿ ಬರೀತಾರ? ಕ್ಯಾಲೆಂಡರಿನಲ್ಲಿ. ಹಾಗಾದ್ರ ಹಳೇ ಕ್ಯಾಲೆಂಡರ್ ಎಲ್ಲಾ ಹುಡುಕ್ರಿ ಅಂದರು. ಆವಾಗ ನನಗೆ ಅರ್ಥ ಆಗಿರಲಿಲ್ಲ.

ಗಂಜಿನ ಅಡತಿ ಅಂಗಡಿಯವರು ವರ್ಷ ವರ್ಷ ಕೊಡೋ ಕ್ಯಾಲೆಂಡರ್, ಮೇಲೆ ದೇವರ ಫೋಟೋ, ಕೆಳಗೆ ತಿಂಗಳ ಹಾಳೆ. ಅವ್ವ ಹಾಲು ತಗೊಂಡ ದಿನಕ್ಕೆ ಒಂದು ಚುಕ್ಕೆ ಇಡ್ತಾಳೆ, ಒಂದು ಪಾವು ಜಾಸ್ತಿ ತಗೊಂಡರೆ ಎರಡು. ಅದೇ ಚೌಕದ ಕೆಳಗಡೆ ಮೂಲೆಯಲ್ಲಿ ಅಪ್ಪನದು. ಹಗಲು ಪಾಳಿಗೆ 'ಹ', ರಾತ್ರಿ ಪಾಳಿಗೆ 'ರಾ', ಹೋಗದ ದಿನಕ್ಕೆ ಅಡ್ಡ ಗೀಟು. ಮುನೀಮರು ವಾರಕ್ಕೊಮ್ಮೆ ಬಟವಾಡೆ ಮಾಡುತ್ತಿದ್ದ ಕಾಲದಲ್ಲಿ ಒಂದು ದಿನದ ಹಾಜರಿ ಕಡಿಮೆ ಹಾಕಿದ್ದರಂತೆ, ಅವತ್ತಿನಿಂದ ಅವ್ವ ಬರೆಯೋಕೆ ಶುರು ಮಾಡಿದ್ದು. ಟ್ರಂಕಿನ ತಳದಲ್ಲಿ ಸುರುಳಿ ಸುತ್ತಿ ಇಟ್ಟಿದ್ದ ಹತ್ತು ಕ್ಯಾಲೆಂಡರ್ ಸಿಕ್ಕವು. ಇನ್ನೆರಡು ವರ್ಷದ್ದು ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ನನ್ನ ಒಂಬತ್ತನೇ ಕ್ಲಾಸಿನ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಕ್ಯಾಲೆಂಡರ್ ಹಾಳೆ ದಪ್ಪ ಇರುತ್ತೆ ಅಂತ ಪುಸ್ತಕಕ್ಕೆ ಅದನ್ನೇ ಹೊದಿಸಿದ್ದೆವು. ವಿಜ್ಞಾನದ ನೋಟ್‌ಬುಕ್ಕಿನ ಹೊದಿಕೆ ಬಿಚ್ಚಿದರೆ ಒಳಬದಿಗೆ ಆಗಸ್ಟ್ ತಿಂಗಳು. ಹ, ಹ, ಹ, ರಾ, ರಾ, ರಾ. ಮಳೆಗಾಲದ ಆಗಸ್ಟ್.

ಅವುಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋದೆವು. ಮಾಲೀಕರ ವಕೀಲರು, ಇದನ್ನು ನಿನ್ನೆ ಮನೆಯಲ್ಲಿ ಕೂತು ಬರೆದಿರಬಹುದು ಅಂದರು. ಅವ್ವನನ್ನೂ ಸಾಕ್ಷಿ ಮಾಡಿದರು. ಅವ್ವ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಾಲಿನ ಚುಕ್ಕೆ ನಾನು ಸುಳ್ಳು ಯಾಕ ಇಡ್ಲಿ ಸಾಹೇಬ್ರ, ಹಾಲಿನವಗ ರೊಕ್ಕ ಕೊಡಾಕಿ ನಾನಾ ಅಲ್ಲೇನ್ರಿ ಅಂದಳು. ಅಧಿಕಾರಿ ಒಂದೊಂದೇ ಹಾಳೆ ತಿರುವಿ ನೋಡಿದರು. ಕ್ಯಾಲೆಂಡರ್ ಒಂದರಿಂದಲೇ ಗೆದ್ದೆವು ಅಂತ ನಾನು ಹೇಳಲ್ಲ. ಅಪ್ಪನ ಜೊತೆ ಕೆಲಸ ಮಾಡಿದ ಇಬ್ಬರು ಬಂದು ಹೇಳಿದರು, ಪಾಸ್‌ಬುಕ್ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಹಾಜರಿ ಪುಸ್ತಕ ಇಡಬೇಕಾದವರು ಮಾಲೀಕರು, ಅವರು ತರಲಿಲ್ಲ. ತರಬೇಕಾದ ದಾಖಲೆ ತರದಿದ್ದರೆ ಅದು ಅವರಿಗೇ ವಿರುದ್ಧವಾಗಿ ನಿಲ್ಲುತ್ತೆ ಅಂತ ಅಕ್ಕ ಮೊದಲೇ ಹೇಳಿದ್ದರು, ಹಾಗೇ ಆಯ್ತು.

2023ರ ನವೆಂಬರ್‌ನಲ್ಲಿ ಆದೇಶ ಬಂತು. ಮೊದಲು ಕೊಟ್ಟಿದ್ದ 20,000 ಕಳೆದು 1,22,500, ಅದರ ಮೇಲೆ ವರ್ಷಕ್ಕೆ ನೂರಕ್ಕೆ 10ರಂತೆ ಸರಳ ಬಡ್ಡಿ. ಮಾಲೀಕರು ಮೇಲ್ಮನವಿ ಹೋಗ್ತೀವಿ ಅಂದರು. ಇಲ್ಲೂ ಒಂದು ವಿಷಯ ಗೊತ್ತಿರಬೇಕು. ಗ್ರಾಚ್ಯುಟಿಯಲ್ಲಿ ಮಾಲೀಕರು ಮೇಲ್ಮನವಿ ಹಾಕಬೇಕಾದರೆ ಆದೇಶದ ಪೂರ್ತಿ ದುಡ್ಡನ್ನು ಮೊದಲು ಕಟ್ಟಬೇಕು, ಅದೂ 60 ದಿನದೊಳಗೆ. ಕೊಡದೆ ಕೂತರೆ ಕಂದಾಯ ಬಾಕಿ ವಸೂಲಿ ಮಾಡಿದ ಹಾಗೆ ಜಿಲ್ಲಾಧಿಕಾರಿ ಮೂಲಕ ವಸೂಲಿ. ಅವರು ಲೆಕ್ಕ ಹಾಕಿಕೊಂಡಿರಬೇಕು. ಡಿಸೆಂಬರ್ ಕೊನೆಗೆ ಅಪ್ಪನ ಖಾತೆಗೆ ಒಂದೂವರೆ ವರ್ಷದ ಬಡ್ಡಿ 18,375 ಸೇರಿ 1,40,875 ರೂಪಾಯಿ ಬಿತ್ತು. ಅಪ್ಪ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಅವ್ವನ ಕೈಗೆ ಕೊಟ್ಟರು.

ಸಂಘಕ್ಕೆ ಎಷ್ಟು ಕೊಟ್ಟಿರಿ ಅಂತ ಎಲ್ಲರೂ ಕೇಳ್ತಾರೆ. ಜೆರಾಕ್ಸ್, ಪೋಸ್ಟು, ಆಟೋ ನಮ್ಮ ಖರ್ಚು. ಸಂಘದವರು ಕೇಳಿದ್ದು ಏನೂ ಇಲ್ಲ. ದುಡ್ಡು ಬಂದ ಮೇಲೆ ಅಪ್ಪ 2,000 ಕೊಡೋಕೆ ಹೋದರೆ, ಇಷ್ಟು ಬ್ಯಾಡ ಅಂತ 500 ಮಾತ್ರ ತಗೊಂಡು ನಂಬರ್ ಇರೋ ರಸೀದಿ ಹರಿದು ಕೊಟ್ಟರು. ಆ ಏಜೆಂಟ್ ಆಗಿದ್ದರೆ 35,000 ಹೋಗುತ್ತಿತ್ತು, ಅದೂ ಕ್ಯಾಲೆಂಡರ್ ಬಗ್ಗೆ ಕೇಳೋಷ್ಟು ತಾಳ್ಮೆ ಅವನಿಗೆ ಇರುತ್ತಿರಲಿಲ್ಲ.

ಇನ್ನು ಸರಿ ಇಲ್ಲದ್ದನ್ನೂ ಹೇಳಬೇಕು, ಹೇಳಿದರೆ ಅವರಿಗೂ ಒಳ್ಳೆಯದು. ಮೆಟ್ಟಿಲು ತುಂಬಾ ಕಡಿದು, ಹಿಡಿದುಕೊಳ್ಳೋಕೆ ಒಂದೇ ಕಡೆ ಕಂಬಿ. ಮಂಡಿ ನೋವಿರೋ ವಯಸ್ಸಾದವರು ಬರೋ ಜಾಗ ಇದು, ತಿಂಗಳಿಗೆ ಒಂದು ಸಲವಾದರೂ ಕೆಳಗಡೆ ಕೂತು ನೋಡಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಮೂರು ಗಂಟೆ ಕಾಯಿಸುವ ಕಡೆ ಇದು ದೊಡ್ಡ ತೊಂದರೆ, ಗುಡಿಸೋ ಕೆಲಸದ ಹೆಣ್ಣುಮಕ್ಕಳು ಅರ್ಧಕ್ಕೇ ಎದ್ದು ಹೋಗಿದ್ದು ನಾನೇ ನೋಡಿದ್ದೀನಿ. ಎಲ್ಲ ಕಾಕಾ ತಲೆಯಲ್ಲೇ ಇದೆ, ಅವರು ಹುಷಾರಿಲ್ಲದೆ ಎರಡು ವಾರ ಬರದಿದ್ದಾಗ ನಮ್ಮ ಕಡತ ಯಾವ ಕಪಾಟಿನಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ತಾರೀಖು ಯಾವತ್ತು, ಏನು ತರಬೇಕು ಅಂತ ಒಂದು ಚೀಟಿ ಬರೆದುಕೊಟ್ಟರೆ ಎಷ್ಟೋ ಅನುಕೂಲ. ಲೆಕ್ಕಕ್ಕೆ ಚೀಟಿ ಬರೀತಾರೆ, ಇದಕ್ಕೂ ಬರೆಯಬಹುದು ಅಲ್ವಾ.

ಪಿಎಫ್ ವಿಷಯದಲ್ಲಿ ಅಷ್ಟು ಚುರುಕಿಲ್ಲ. ಆನ್‌ಲೈನ್ ಕೆಲಸಕ್ಕೆ ಒಬ್ಬನೇ ಹುಡುಗ, ಭಾನುವಾರ ಮಾತ್ರ ಬರ್ತಾನೆ. ತಮ್ಮ ವಾಡಿ ಕಡೆ ಗುತ್ತಿಗೆ ಮೇಲೆ ಕೆಲಸ ಮಾಡಿದವನು, ಗುತ್ತಿಗೆದಾರ ಬದಲಾದಾಗ ಎರಡು ಯುಎಎನ್ (ಒಬ್ಬರಿಗೆ ಒಂದೇ ಇರಬೇಕಾದ ಪಿಎಫ್ ನಂಬರ್) ಆಗಿದೆ. ಒಂದರಲ್ಲಿ ಶರಣಪ್ಪ, ಇನ್ನೊಂದರಲ್ಲಿ ಶರಣಬಸಪ್ಪ ಅಂತ ತಂದೆ ಹೆಸರು. ನಮ್ಮ ಕಡೆ ಇದು ಮನೆಮನೆಯ ತೊಂದರೆ. ಹೆಸರು ಸರಿ ಮಾಡಿಸೋಕೆ ಜಂಟಿ ಘೋಷಣೆ ಅನ್ನೋ ಅರ್ಜಿ ಹಾಕಿ, ಆಮೇಲೆ ಹಳೇ ಖಾತೆಯನ್ನು ಹೊಸದಕ್ಕೆ ಸೇರಿಸಬೇಕು. ಕೆಲಸ ಬಿಟ್ಟ ತಾರೀಖನ್ನು ಗುತ್ತಿಗೆದಾರ ಹಾಕದಿದ್ದರೆ ಎರಡು ತಿಂಗಳ ನಂತರ ನಾವೇ ಹಾಕಿಕೊಳ್ಳಬಹುದು ಅಂತ ಆ ಹುಡುಗ ತೋರಿಸಿಕೊಟ್ಟ. ಅಷ್ಟಾಗಿದೆ, ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಈ ಭಾಗಕ್ಕೆ ಸೇರಿಸಿ ಬರೀತೀನಿ.

ಹೊಸ ಕಾನೂನಿನ ಬಗ್ಗೆ ಎಲ್ಲರೂ ಕೇಳುತ್ತಿದ್ದರು ಮೊನ್ನೆ. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಗ್ರಾಚ್ಯುಟಿಯೂ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಬರುತ್ತೆ. ನಿಗದಿತ ಅವಧಿಗೆ ಅಂತ ಬರೆದು ತಗೊಂಡ ಕೆಲಸಗಾರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತೆ, ಕಾಯಂ ಇರೋರಿಗೆ ಐದು ವರ್ಷದ ಲೆಕ್ಕ ಹಾಗೇ ಇದೆ. ನೇಮಕಾತಿ ಪತ್ರ ಎಲ್ಲರಿಗೂ ಕೊಡಬೇಕು. ಕಾಕಾಗೆ ಈ ಸಂಹಿತೆಗಳ ಮೇಲೆ ಸಿಟ್ಟಿದೆ, ಮುಷ್ಕರ ಮಾಡೋದು ಕಷ್ಟ ಆಗಿದೆ, ಎಲ್ಲಾ ಕಾರ್ಖಾನೆಯಲ್ಲೂ ಮುಷ್ಕರಕ್ಕೆ ಮುಂಚೆ ನೋಟಿಸ್ ಕೊಡಬೇಕು, 300ಕ್ಕಿಂತ ಕಡಿಮೆ ಜನ ಇರೋ ಫ್ಯಾಕ್ಟರಿಯವರು ಸರ್ಕಾರದ ಅನುಮತಿ ಇಲ್ಲದೆ ಜನ ತೆಗೆಯಬಹುದು ಅಂತ. ನನಗೂ ಅವರ ಮಾತು ಸರಿ ಅನಿಸುತ್ತೆ. ಆದರೂ ನೇಮಕಾತಿ ಪತ್ರದ ವಿಷಯ ಬಂದಾಗ, ಇದನ್ನ ಮಾತ್ರ ಬಿಡಬ್ಯಾಡ್ರಿ, ಹೋಗಿ ಕೇಳ್ರಿ, ಬರವಣಿಗ್ಯಾಗ ಕೇಳ್ರಿ ಅಂತ ಬಂದ ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಗೋಡೆಯ ಹಳದಿ ಕಾಗದದಲ್ಲಿ ಮಾತ್ರ ಇನ್ನೂ ಹಳೇ ಕಾಯ್ದೆಗಳ ಹೆಸರೇ ಇದೆ, ಅದನ್ನು ಬದಲಿಸಬೇಕು.

ಇನ್ನೊಂದು ವಿಷಯ, ಇದು ನನಗೆ ಅಕ್ಕ ಹೇಳಿದ್ದು, ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೈಗಾರಿಕಾ ಕಾರ್ಮಿಕರಿಗೆ ಸರ್ಕಾರದ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗ್ತಾರೆ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರ ಜೊತೆ ಕೈಗಾರಿಕಾ ಕಾರ್ಮಿಕರ ಹೆಸರೂ ಇದೆ, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಕೆಲಸದಿಂದ ತೆಗೆದ ಪ್ರಕರಣ ಕಾರ್ಮಿಕ ನ್ಯಾಯಾಲಯಕ್ಕೆ ಹೋಗೋ ಹಾಗಿದ್ದರೆ ಈ ಕೋಣೆಯವರೇ ಅಲ್ಲಿಗೆ ಕಳಿಸ್ತಾರೆ, ತಾವೇ ಮಾಡ್ತೀವಿ ಅಂತ ಇಟ್ಟುಕೊಳ್ಳಲ್ಲ. ಇದು ನನಗೆ ತುಂಬಾ ಇಷ್ಟ ಆಯ್ತು.

ನಮ್ಮಜ್ಜ ಕಲಬುರಗಿಯ ಹಳೇ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ಲಿನಲ್ಲಿ ಇದ್ದವರು. ಮಿಲ್ಲಿನ ಭೋಂಗಾ ಹೊಡೆದರೆ ಮನೆಯಲ್ಲಿ ಒಲೆ ಹಚ್ಚುತ್ತಿದ್ದರು ಅಂತ ಅಪ್ಪ ಹೇಳ್ತಾರೆ. ಆಗ ಯೂನಿಯನ್ ಅಂದರೆ ಗೇಟಿನ ಮುಂದೆ ಕೆಂಪು ಬಾವುಟ, ಘೋಷಣೆ, ಅಷ್ಟೇ ನಾನು ಕೇಳಿದ್ದು. ಹಾಗಾಗಿ ಯೂನಿಯನ್ ಅಂದರೆ ನನಗೆ ಸ್ವಲ್ಪ ಭಯವೇ ಇತ್ತು. ದಾಲ್ ಮಿಲ್ಲಿನಲ್ಲಿ ಹದಿನಾರು ಜನ ಇರ್ತಾರೆ, ಅವರಲ್ಲಿ ಒಬ್ಬ ಬಾಯಿ ಬಿಟ್ಟರೂ ಮರುದಿನ ಕೆಲಸ ಇರಲ್ಲ, ಗೇಟಿನ ಮುಂದೆ ನಿಲ್ಲೋದು ಎಲ್ಲಿಂದ ಬಂತು. ಅಂಥವರಿಗೆ ಈ ಬೆಂಚೇ ಯೂನಿಯನ್. ಇಂಥದ್ದು ಯಾದಗಿರಿಯಲ್ಲಿ, ಬೀದರ್‌ನಲ್ಲಿ, ಕಡೇಚೂರಿನ ಫ್ಯಾಕ್ಟರಿಗಳ ಹತ್ತಿರ ಒಂದೊಂದು ಬೇಕು. ಅಲ್ಲಿಂದ ಬಸ್ ಹಿಡಿದು ಇಲ್ಲಿಗೆ ಬಂದು ಸಾಲಿನಲ್ಲಿ ಕೂತವರನ್ನು ನೋಡಿದ್ದೀನಿ, ಒಂದು ದಿನದ ಕೂಲಿ ಬಿಟ್ಟು ಬಂದಿರ್ತಾರೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮೆಟ್ಟಿಲಿಗೂ ಶೌಚಾಲಯಕ್ಕೂ ಸೇರಿ ಅರ್ಧ ಕಡಿತ.

ಹೋಗೋರಿಗೆ: ಗುರುವಾರ ಸಂಜೆ 5 ಗಂಟೆಗೇ ಹೋಗಿ ಹೆಸರು ಬರೆಸಿ, 6ರ ಮೇಲೆ ಹೋದರೆ ಸರದಿ ಬರೋದು ಕಷ್ಟ. ಭಾನುವಾರ ಬೆಳಿಗ್ಗೆ ಹೋಗೋದಾದರೆ ಸುಸಲಾ ತಿಂದುಕೊಂಡೇ ಹೋಗಿ, ಮಧ್ಯಾಹ್ನ ಆಗುತ್ತೆ. ಆಧಾರ್, ಪಾಸ್‌ಬುಕ್, ಗೇಟ್ ಪಾಸ್, ಪಗಾರದ ಚೀಟಿ, ಪೂಜೆಯ ಫೋಟೋ, ಹಳೇ ಕ್ಯಾಲೆಂಡರ್, ಮನೆಯಲ್ಲಿ ಏನಿದೆಯೋ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ, ಬೇಕಾ ಬೇಡವಾ ಅಂತ ನೀವು ಆರಿಸಬೇಡಿ, ಅವರು ಆರಿಸ್ತಾರೆ. ಪೋಸ್ಟಿನಿಂದ ವಾಪಸ್ ಬಂದ ಕವರ್ ಇದ್ದರೆ ತೆರೆಯದೆ ತಗೊಂಡು ಹೋಗಿ. ಮೆಟ್ಟಿಲು ಹತ್ತೋಕೆ ಆಗದವರು ಕೆಳಗಡೆ ಚಹಾದಂಗಡಿಯವರಿಗೆ ಹೇಳಿದರೆ ಸಾಕು, ಅವರು ಮೇಲೆ ಕೂಗಿ ಕರೀತಾರೆ, ಅಕ್ಕ ಇಳಿದು ಬರ್ತಾರೆ.